ಗಣಕಜಾಲದ ಸ್ವಿಚ್ಚು ಮತ್ತು ಅದರ ಪ್ರಭೇದಗಳು

ಕಳೆದ ವರ್ಷ ನಮ್ಮ ಶಾಲೆಯ ಅಧ್ಯಾಪಕ-ರಕ್ಷಕ ಸಂಘದ ಸಭೆಯಲ್ಲಿ ಕಂಪ್ಯೂಟರ್ ಕೊಠಡಿಯ ಖರ್ಚುವೆಚ್ಚದ ಪಟ್ಟಿಯನ್ನು ಓದಿ ಹೇಳುತ್ತಿದ್ದಾಗ, ಅಡಿಕೆ ಕೃಷಿಕರಾದ ಹಿರಿಯ ರಕ್ಷಕರೊಬ್ಬರು ಎದ್ದು ನಿಂತು, “ಮಾಸ್ಟ್ರೇ, ಕಂಪ್ಯೂಟರಿಗೆ ಹಣ ಬೇಕೆಂದರೆ ಅರ್ಥವಾಗುತ್ತದೆ. ಒಂದು ಸ್ವಿಚ್ಚಿಗೆ ಇಷ್ಟು ಹಣವೇ? ನನ್ನ ಮನೆಯ ಎಲ್ಲ ಸ್ವಿಚ್ಚುಗಳನ್ನು ಕಿತ್ತು ಹೊಸತು ಹಾಕಿಸಿದರೂ ಅಷ್ಟಾಗದಲ್ಲ!” ಎಂದರು. ಸಭೆ ನಕ್ಕಿತು. ನಾವೂ ನಕ್ಕೆವು. ಆದರೆ ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನವನ್ನು ಉಂಟುಮಾಡಲಿಲ್ಲ. ಅದೇ ಕೊಠಡಿಗೆ ಅದೇ ಹೆಸರಿನ ವಸ್ತುವನ್ನು ಮೂರು ವರ್ಷಗಳ ಹಿಂದೆಯೂ ಕೊಂಡಿದ್ದೆವು. ಆಗಲೂ ಹಣ ಕೊಟ್ಟವರು ಅವರೇ. ಎರಡನೆಯ ಸಲ ಏಕೆ ಕೈಚಾಚಬೇಕಾಯಿತೆಂಬುದನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿರುವೆವು. ವಿದ್ಯಾರ್ಥಿಗಳು ಇದನ್ನು ಪಾಠವೆಂದು ಓದಬಹುದು. ರಕ್ಷಕರು ಲೆಕ್ಕವೆಂದು ಓದಬಹುದು.

ಮೊದಲಿಗೆ ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ಗೋಡೆಯ ಮೇಲಿನ ಸ್ವಿಚ್ಚು ವಿದ್ಯುತ್ತನ್ನು ಹರಿಯಗೊಡುವುದು, ಇಲ್ಲವೆ ತಡೆಯುವುದು. ಅದಕ್ಕೆ ಬೇರೆ ಕೆಲಸವಿಲ್ಲ. ರೈಲುಹಳಿ ಕವಲೊಡೆಯುವಲ್ಲಿ ಬಂಡಿಯನ್ನು ಒಂದು ಹಳಿಯಿಂದ ಇನ್ನೊಂದು ಹಳಿಗೆ ತಿರುಗಿಸುವ ಸಾಧನವನ್ನೂ ಅಮೆರಿಕದವರು ಸ್ವಿಚ್ಚೆಂದೇ ಕರೆಯುವರು. ಗಣಕಜಾಲದ ಸ್ವಿಚ್ಚು ಈ ಎರಡನೆಯ ಜಾತಿಗೆ ಸೇರಿದುದು. ಒಂದು ಕಂಪ್ಯೂಟರಿನಿಂದ ಹೊರಟ ಸಂದೇಶವನ್ನು ಸಲ್ಲಬೇಕಾದ ಕಂಪ್ಯೂಟರಿನ ಹಾದಿಗೆ ತಿರುಗಿಸುವುದೇ ಅದರ ಕೆಲಸ. ನೋಡಲು ಅದೊಂದು ಚಪ್ಪಟೆಯಾದ ಪೆಟ್ಟಿಗೆ. ಮುಖಭಾಗದಲ್ಲಿ ಐದೋ ಎಂಟೋ ಇಪ್ಪತ್ತನಾಲ್ಕೋ ಚೌಕನೆಯ ಕಂಡಿಗಳು. ಇವಕ್ಕೆ ಪೋರ್ಟುಗಳೆಂದು ಹೆಸರು, ನಾವು ದ್ವಾರಗಳೆನ್ನೋಣ. ಒಂದೊಂದು ದ್ವಾರಕ್ಕೂ ಒಂದೊಂದು ತಂತಿ, ತಂತಿಯ ಇನ್ನೊಂದು ತುದಿಯಲ್ಲಿ ಒಂದು ಯಂತ್ರ.

ಈ ಪೆಟ್ಟಿಗೆಯ ಬೆಲೆಯನ್ನು ತಿಳಿಯಬೇಕಾದರೆ, ಅದಿಲ್ಲದ ಕಾಲ ಹೇಗಿತ್ತೆಂಬುದನ್ನು ಅರಿಯಬೇಕು. ೧೯೭೩ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ತರುಣ ವಿಜ್ಞಾನಿ ಒಂದು ಟಿಪ್ಪಣಿಯನ್ನು ಬರೆದನು. ಕಟ್ಟಡದ ಉದ್ದಕ್ಕೂ ಒಂದೇ ದಪ್ಪ ತಂತಿಯನ್ನು ಹಾಯಿಸಿ, ಎಲ್ಲ ಕಂಪ್ಯೂಟರುಗಳನ್ನೂ ಅದಕ್ಕೇ ಪೋಣಿಸಬೇಕೆಂಬುದು ಅದರ ಸಾರ. ಬೆಳಕು ಚಲಿಸಲು ಈಥರ್ ಎಂಬ ಸರ್ವವ್ಯಾಪಿ ಮಾಧ್ಯಮ ಬೇಕೆಂದು ಹಿಂದಿನ ಭೌತವಿಜ್ಞಾನಿಗಳು ನಂಬಿದ್ದರಷ್ಟೆ. ಅಂಥ ಮಾಧ್ಯಮವಿಲ್ಲವೆಂದು ಆಮೇಲೆ ಸಿದ್ಧವಾಯಿತಾದರೂ, ಆ ಹೆಸರನ್ನು ಮೆಟ್‌ಕಾಫನು ತನ್ನ ತಂತಿಗೆ ಇಟ್ಟು ಈಥರ್‌ನೆಟ್ ಎಂದು ಕರೆದನು. ಡೇವಿಡ್ ಬಾಗ್ಸ್ ಎಂಬ ಸಹೋದ್ಯೋಗಿಯೊಡನೆ ಅವನು ಅದನ್ನು ಕಟ್ಟಿ ನಡೆಸಿಯೂ ತೋರಿಸಿದನು. ಇಂದಿಗೂ ನಮ್ಮ ಶಾಲೆಯ ತಂತಿಗಳಲ್ಲಿ ಹರಿಯುತ್ತಿರುವುದು ಅದೇ ಕ್ರಮದ ಸುಧಾರಿಸಿದ ರೂಪ.

ಒಂದೇ ತಂತಿಯೆಂದರೆ ಒಂದೇ ಅಂಗಳದಲ್ಲಿ ಇಪ್ಪತ್ತು ಜನ ಸೇರಿದಂತೆ. ಒಬ್ಬನು ಮಾತನಾಡಿದರೆ ಎಲ್ಲರ ಕಿವಿಗೂ ಬೀಳುವುದು. ಇಬ್ಬರು ಒಮ್ಮೆಗೇ ಬಾಯಿ ತೆರೆದರೆ ಯಾರ ಮಾತೂ ತಿಳಿಯದು. ಹಾಗಾದಾಗ ಇಬ್ಬರೂ ಸುಮ್ಮನಾಗಿ, ಇಷ್ಟಬಂದಷ್ಟು ಹೊತ್ತು ಕಾದು, ಮತ್ತೆ ಪ್ರಯತ್ನಿಸಬೇಕೆಂಬುದೇ ನಿಯಮವಾಗಿತ್ತು. ಆಮೇಲೆ ದಪ್ಪ ತಂತಿ ಹೋಗಿ ನಡುವೆ ಒಂದು ಪೆಟ್ಟಿಗೆ ಬಂದಿತು. ಅದಕ್ಕೆ ಹಬ್ ಎಂದು ಹೆಸರು. ನಮ್ಮ ಮಕ್ಕಳು ಅದನ್ನು ಹಬ್ಬವೆಂದು ಕೇಳಿಸಿಕೊಂಡರೆ ತಪ್ಪೇನೂ ಇಲ್ಲ, ಏಕೆಂದರೆ ಒಳಗಿದ್ದುದು ಜಾತ್ರೆಯ ಗದ್ದಲವೇ. ಒಂದು ದ್ವಾರದಿಂದ ಬಂದುದನ್ನು ಹಬ್ ಡಂಗುರ ಸಾರುವವನಂತೆ ಉಳಿದ ಎಲ್ಲ ದ್ವಾರಗಳಿಗೂ ಕೂಗಿ ಹೇಳುತ್ತಿತ್ತು. ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗದ ಹಬ್ಬಿಗೆ ಇಪ್ಪತ್ತು ಯಂತ್ರಗಳನ್ನು ಕಟ್ಟಿದರೆ, ಎಲ್ಲವೂ ಒಟ್ಟಿಗೆ ದುಡಿಯುವಾಗ ಒಂದೊಂದರ ಪಾಲಿಗೆ ಸರಾಸರಿ ೫ ಮೆಗಾಬಿಟ್ ಸಹ ಪೂರ್ತಿಯಾಗಿ ಬರದು; ಡಿಕ್ಕಿಯಿಂದ ವ್ಯರ್ಥವಾಗುವ ಹೊತ್ತನ್ನೂ ಅದರಿಂದ ಕಳೆಯಬೇಕು. ಸಾಲದುದಕ್ಕೆ, ಒಬ್ಬರಿಗೆ ಬರೆದ ಓಲೆಯನ್ನು ಹತ್ತೊಂಬತ್ತು ಮಂದಿ ಓದಬಹುದಾಗಿತ್ತು.

ಸ್ವಿಚ್ಚು ಡಂಗುರದವನಲ್ಲ, ಅಂಚೆಯವನು. ಅದು ಲಕೋಟೆಯ ಮೇಲಿನ ವಿಳಾಸವನ್ನು ಓದುವುದು. ಇಲ್ಲಿ ಲಕೋಟೆಯೆಂದರೆ ಫ್ರೇಮು. ಕಂಪ್ಯೂಟರು ಕಳುಹಿಸುವ ಸಂಗತಿ ಎಷ್ಟೇ ದೊಡ್ಡದಾಗಿರಲಿ, ಅದನ್ನು ಚೂರು ಚೂರಾಗಿಸಿ, ಒಂದೊಂದು ಚೂರನ್ನೂ ೬೪ರಿಂದ ೧೫೧೮ ಬೈಟುಗಳವರೆಗಿನ ಒಂದೊಂದು ಫ್ರೇಮಿನಲ್ಲಿಟ್ಟು ಕಳುಹಿಸುವುದು. ಫ್ರೇಮಿನ ಮೊದಲ ೬ ಬೈಟುಗಳಲ್ಲಿ ಯಾರಿಗೆ ಎಂಬುದೂ, ಮುಂದಿನ ೬ ಬೈಟುಗಳಲ್ಲಿ ಯಾರಿಂದ ಎಂಬುದೂ ಇರುವುವು. ಕೊನೆಯ ೪ ಬೈಟುಗಳಲ್ಲಿ ದಾರಿಯಲ್ಲಿ ಅಕ್ಷರ ಕೆಟ್ಟಿದೆಯೇ ಎಂದು ನೋಡುವ ತಾಳೆಯ ಅಂಕಿಯಿರುವುದು. ವಿಳಾಸವೆಂದರೆ ಯಂತ್ರವನ್ನು ತಯಾರಿಸುವಾಗಲೇ ಅದಕ್ಕೆ ಕೊಡುವ ಸಂಖ್ಯೆ. ಮ್ಯಾಕ್ ವಿಳಾಸವೆಂದು ಅದರ ಹೆಸರು. ಸೊನ್ನೆ ಅಥವಾ ಒಂದು ಎಂಬ ೪೮ ಅಂಕೆಗಳ ಸಾಲು ಅದು. ಎರಡನ್ನು ನಾಲ್ವತ್ತೆಂಟು ಸಲ ಗುಣಿಸಿದರೆ ಬರುವ ಮೊತ್ತ ಸುಮಾರು ೨೮೧ ಲಕ್ಷ ಕೋಟಿ. ಆದುದರಿಂದ ವಿಳಾಸಗಳಿಗೆ ಬರಗಾಲವಿಲ್ಲ.

ಇನ್ನು ಈ ಪಾಠದ ತಿರುಳಿಗೆ ಬರೋಣ. ಯಾವ ವಿಳಾಸದ ಯಂತ್ರ ಯಾವ ದ್ವಾರದಲ್ಲಿದೆಯೆಂಬುದನ್ನು ಸ್ವಿಚ್ಚಿಗೆ ಹೇಳಿಕೊಟ್ಟವರು ಯಾರು? ಯಾರೂ ಅಲ್ಲ. ಅದು ತಾನಾಗಿಯೇ ಕಲಿಯುವುದು. ಕಲಿಯುವ ಬಗೆ ಬಹಳ ಸರಳವಾದುದು. ಅ, ಆ, ಇ, ಈ ಎಂಬ ನಾಲ್ಕು ಕಂಪ್ಯೂಟರುಗಳು ಕ್ರಮವಾಗಿ ೧, ೨, ೩, ೪ನೆಯ ದ್ವಾರಗಳಲ್ಲಿವೆಯೆಂದು ಇಟ್ಟುಕೊಳ್ಳಿ. ಸ್ವಿಚ್ಚನ್ನು ಈಗತಾನೆ ಹಚ್ಚಿದೆ. ಅದರ ನೆನಪಿನ ಪಟ್ಟಿ ಬರಿದಾಗಿದೆ. ‘ಅ’ಯು ‘ಇ’ಗೆ ಒಂದು ಫ್ರೇಮನ್ನು ಕಳುಹಿಸಿತು. ಸ್ವಿಚ್ಚು ಮೊದಲು ಓದುವುದು ಕಳುಹಿಸಿದವರ ಹೆಸರನ್ನು. “೧ನೆಯ ದ್ವಾರದಿಂದ ‘ಅ’ಯ ಓಲೆ ಬಂದಿದೆ, ಆದುದರಿಂದ ‘ಅ’ ಇರುವುದು ೧ನೆಯ ದ್ವಾರದಲ್ಲಿ” ಎಂದು ಬರೆದಿಟ್ಟುಕೊಳ್ಳುವುದು. ‘ಇ’ ಎಲ್ಲಿದೆಯೆಂದು ಅದಕ್ಕೆ ಇನ್ನೂ ತಿಳಿಯದು. ತಿಳಿಯದಿದ್ದಾಗ ಅದು ಹಬ್ಬಿನಂತೆಯೇ ನಡೆದುಕೊಂಡು, ೧ನ್ನು ಬಿಟ್ಟು ಉಳಿದೆಲ್ಲ ದ್ವಾರಗಳಿಗೂ ಫ್ರೇಮನ್ನು ಹರಿಯಬಿಡುವುದು. ‘ಆ’ ಮತ್ತು ‘ಈ’ ತಮ್ಮದಲ್ಲವೆಂದು ಅದನ್ನು ಬಿಸುಡುವುವು. ‘ಇ’ ತೆಗೆದುಕೊಂಡು ಉತ್ತರ ಬರೆಯುವುದು. ಆ ಉತ್ತರ ೩ನೆಯ ದ್ವಾರದಿಂದ ಒಳಗೆ ಬಂದೊಡನೆ ‘ಇ’ ಇರುವುದು ಮೂರರಲ್ಲಿ ಎಂಬುದೂ ಪಟ್ಟಿಗೆ ಸೇರಿತು. ಉತ್ತರ ಹೋಗಬೇಕಾದುದು ‘ಅ’ಗೆ, ‘ಅ’ ಒಂದರಲ್ಲಿದೆಯೆಂಬುದು ಗೊತ್ತು, ಆದುದರಿಂದ ಅದು ಒಂದಕ್ಕೆ ಮಾತ್ರ ಹೋಗುವುದು. ಮುಂದೆ ಅವೆರಡರ ಮಾತುಕತೆ ಬೇರಾರ ಕಿವಿಗೂ ಬೀಳದು. ಅದೇ ಹೊತ್ತಿಗೆ ‘ಆ’ ಮತ್ತು ‘ಈ’ ಪೂರ್ಣ ವೇಗದಿಂದ ತಮ್ಮೊಳಗೆ ಮಾತನಾಡಬಹುದು.

ಈ ಪಟ್ಟಿ ಶಾಶ್ವತವಲ್ಲ. ಒಂದು ಯಂತ್ರದಿಂದ ಐದು ನಿಮಿಷ ಯಾವ ಓಲೆಯೂ ಬಾರದಿದ್ದರೆ ಸಾಮಾನ್ಯವಾಗಿ ಅದರ ಹೆಸರನ್ನು ಅಳಿಸಿಬಿಡುವರು. ಯಂತ್ರವನ್ನು ಬೇರೆ ದ್ವಾರಕ್ಕೆ ಬದಲಾಯಿಸಿದರೆ, ಅದರ ಮೊದಲ ಮಾತಿನಿಂದಲೇ ಹೊಸ ಸ್ಥಾನ ತಿಳಿದು ಪಟ್ಟಿ ತಿದ್ದಿಕೊಳ್ಳುವುದು. ಕೇಳುವುದರಿಂದ ಕಲಿಯುವುದು, ತಿಳಿಯದಿದ್ದರೆ ಎಲ್ಲರಿಗೂ ಕೊಡುವುದು: ಈ ಎರಡು ನಿಯಮಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಂಡರೂ ಸರಿಯೆ. ಮುಂದೆ ನಾವು ಹೇಳಲಿರುವ ಆಪತ್ತು ಹುಟ್ಟಿದುದು ಈ ಎರಡನೆಯ ನಿಯಮದಿಂದಲೇ.

ಹೀಗೆ ಕಲಿಯುವ ಉಪಕರಣಗಳು ೧೯೮೦ರ ದಶಕದಲ್ಲಿ ಸೇತುವೆ ಎಂಬ ಅರ್ಥದ ಬ್ರಿಜ್ ಎನ್ನುವ ಹೆಸರಿನಿಂದ ಬಂದುವು. ಅವು ಸಾಧಾರಣವಾಗಿ ಎರಡು ಜಾಲಗಳನ್ನು ಜೋಡಿಸುತ್ತಿದ್ದುವು. ಹಲವು ದ್ವಾರಗಳುಳ್ಳ ಮೊತ್ತಮೊದಲ ಈಥರ್‌ನೆಟ್ ಸ್ವಿಚ್ಚು ಮಾರುಕಟ್ಟೆಗೆ ಬಂದುದು ೧೯೯೦ರ ಸುಮಾರಿಗೆ. ಅದಕ್ಕೆ ಏಳು ದ್ವಾರಗಳು. ತಯಾರಿಸಿದ ಕಂಪೆನಿಯ ಹೆಸರು ‘ಕಲ್ಪನಾ’! ಅಮೆರಿಕದಲ್ಲಿ ಲ್ಯಾರಿ ಬ್ಲೇರ್ ಎಂಬವರೊಡನೆ ಅದನ್ನು ಸ್ಥಾಪಿಸಿದ ಭಾರತೀಯ ಮೂಲದ ವಿನೋದ್ ಭಾರದ್ವಾಜರ ಪತ್ನಿಯ ಹೆಸರದು. ೧೯೯೪ರಲ್ಲಿ ಸಿಸ್ಕೊ ಎಂಬ ದೊಡ್ಡ ಕಂಪೆನಿ ಅದನ್ನು ಕೊಂಡುಕೊಂಡಿತು. ಸ್ವಿಚ್ಚಿನ ವಿಷಯವೆಲ್ಲ ಪರಕೀಯರದೆಂದು ಮುಖ ತಿರುಗಿಸುವ ವಿದ್ಯಾರ್ಥಿಗೆ ಈ ಹೆಸರನ್ನು ಒಮ್ಮೆ ಹೇಳಿ ನೋಡುವುದುಂಟು.

ಕಲ್ಪನಾ ಕಂಪೆನಿಯ ಸ್ವಿಚ್ಚಿಗೆ ಒಂದು ವೈಶಿಷ್ಟ್ಯವಿದ್ದಿತು. ಫ್ರೇಮು ಪೂರ್ತಿಯಾಗಿ ಒಳಗೆ ಬರುವ ಮೊದಲೇ, ಯಾರಿಗೆಂಬ ಆರು ಬೈಟುಗಳನ್ನು ಓದಿದೊಡನೆ, ಅದನ್ನು ಆ ಕಡೆಗೆ ದಾಟಿಸತೊಡಗುವುದು. ತಲೆ ಆಚೆಯ ತಂತಿಯಲ್ಲಿ, ಬಾಲ ಈಚೆಯ ತಂತಿಯಲ್ಲಿ! ಇದರಿಂದ ಕಾಯುವ ಹೊತ್ತು ಉಳಿಯುವುದು. ಆದರೆ ಕೆಟ್ಟ ಫ್ರೇಮುಗಳೂ ದಾಟಿಬಿಡುವುವು, ಏಕೆಂದರೆ ತಾಳೆಯ ಅಂಕಿ ಇರುವುದು ಕೊನೆಯಲ್ಲಿ. ಇನ್ನೊಂದು ಬಗೆಯ ಸ್ವಿಚ್ಚು ಇಡೀ ಫ್ರೇಮನ್ನು ಒಳಗಿಟ್ಟುಕೊಂಡು, ತಾಳೆ ನೋಡಿ, ಸರಿಯಿದ್ದರೆ ಮಾತ್ರ ಕಳುಹಿಸುವುದು. ಸೆಕೆಂಡಿಗೆ ೧೦ ಮೆಗಾಬಿಟ್ ವೇಗವಿದ್ದ ಅಂದು ಹೀಗೆ ಕಾಯುವುದಕ್ಕೆ ದೊಡ್ಡ ಫ್ರೇಮೊಂದಕ್ಕೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ತುಸು ಹೆಚ್ಚು ಹಿಡಿಯುತ್ತಿತ್ತು. ಇಂದಿನ ೧೦೦೦ ಮೆಗಾಬಿಟ್ ವೇಗದಲ್ಲಿ ಅದರ ನೂರನೆಯ ಒಂದು ಪಾಲು ಸಾಕು. ಆದುದರಿಂದ ಶಾಲೆ, ಕಚೇರಿಗಳಲ್ಲಿ ತಾಳೆ ನೋಡಿ ಕಳುಹಿಸುವ ಬಗೆಯೇ ರೂಢಿಯಲ್ಲಿದೆ.

ಮೂರು ವರ್ಷಗಳ ಹಿಂದೆ ನಾವು ಕೊಂಡ ಸ್ವಿಚ್ಚು ‘ನಿರ್ವಹಣೆಯಿಲ್ಲದ’ ವರ್ಗದ್ದು. ಎಲ್ಲಕ್ಕಿಂತ ಅಗ್ಗವಾದುದೂ ಸರಳವಾದುದೂ ಇದೇ. ಮೇಲೆ ಹೇಳಿದ ಎರಡು ನಿಯಮಗಳನ್ನು ಅದು ನಿಷ್ಠೆಯಿಂದ ಪಾಲಿಸುವುದು; ಅದಕ್ಕಿಂತ ಹೆಚ್ಚಿನದನ್ನು ಅದಕ್ಕೆ ಹೇಳಲೂ ಬಾರದು, ಅದರಿಂದ ಕೇಳಲೂ ಬಾರದು. ಮನೆಯಲ್ಲಿ ನಾಲ್ಕು ಯಂತ್ರಗಳಿದ್ದರೆ ಅದೇ ಧಾರಾಳ. ಶಾಲೆಗೂ ಅದೇ ಸಾಕೆಂದು ನಾವು ತೀರ್ಮಾನಿಸಿದೆವು. ಅಂಗಡಿಯವರು ಬೇರೆಯದನ್ನೂ ತೋರಿಸಿದ್ದರು. ಹಣ ಉಳಿಸಿದೆವೆಂಬ ಹೆಮ್ಮೆಯಲ್ಲಿ ನಾವು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಂಪ್ಯೂಟರಿನ ಮೂಲಕ ಸಲ್ಲಿಸಬೇಕಾದ ಕೊನೆಯ ದಿನ. ಮಧ್ಯಾಹ್ನದ ಹೊತ್ತಿಗೆ ಅರ್ಧದಷ್ಟು ಅರ್ಜಿಗಳು ಹೋಗಿದ್ದುವು. ಇದ್ದಕ್ಕಿದ್ದಂತೆ ಇಪ್ಪತ್ತು ಯಂತ್ರಗಳೂ ಒಮ್ಮೆಗೇ ಮೂಕವಾದುವು. ಸ್ವಿಚ್ಚಿನ ದೀಪಗಳು ಮಾತ್ರ ಹಿಂದೆಂದೂ ಕಾಣದಷ್ಟು ವೇಗದಿಂದ, ಎಲ್ಲವೂ ಒಟ್ಟಿಗೆ, ಮಿಟುಕುತ್ತಿದ್ದುವು. ಅಂತರ್ಜಾಲ ಕಡಿದಿದೆಯೆಂದು ದೂರು ಕೊಟ್ಟೆವು. ಅವರ ಕಡೆ ಎಲ್ಲವೂ ಸರಿಯಿದೆಯೆಂಬ ಉತ್ತರ ಬಂದಿತು. ಯಂತ್ರಗಳನ್ನು ಆರಿಸಿ ಹಚ್ಚಿದೆವು. ನಾಲ್ಕು ಗಂಟೆಗೆ, ತಂತಿಗಳನ್ನು ಒಂದೊಂದಾಗಿ ಕೀಳುತ್ತ ಬಂದಾಗ ಕಾರಣ ಸಿಕ್ಕಿತು. ಕೊಠಡಿ ಗುಡಿಸುತ್ತಿದ್ದ ಎಂಟನೆಯ ತರಗತಿಯ ಹುಡುಗನೊಬ್ಬನು, ನೆಲದ ಮೇಲೆ ನೇತಾಡುತ್ತಿದ್ದ ತಂತಿಯ ತುದಿಯನ್ನು ಕಂಡು, ಕಳಚಿಬಿದ್ದಿರಬೇಕೆಂದು ಭಾವಿಸಿ, ಖಾಲಿಯಿದ್ದ ದ್ವಾರಕ್ಕೆ ಚುಚ್ಚಿದ್ದನು. ಆ ತಂತಿಯ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ನಾವು ಆ ಹುಡುಗನನ್ನು ಎಲ್ಲರೆದುರಿಗೆ ಗದರಿಸಿದೆವು. ಹನ್ನೊಂದು ಮಕ್ಕಳ ಅರ್ಜಿಗಳು ಆ ದಿನ ಹೋಗಲಿಲ್ಲ. ಎರಡು ದಿನಗಳ ಮೇಲೆ ಗಡುವನ್ನು ವಿಸ್ತರಿಸಿದರೆಂಬುದು ನಮ್ಮ ಪುಣ್ಯ.

ಒಂದು ತುಂಡು ತಂತಿ ಇಡೀ ಕೊಠಡಿಯನ್ನು ನಿಲ್ಲಿಸಿದುದು ಹೇಗೆ? ಜಾತ್ರೆಯಲ್ಲಿ ಮೈಕನ್ನು ಸ್ಪೀಕರಿನ ಎದುರಿಗೆ ಹಿಡಿದಾಗ ಕಿವಿಗಡಚಿಕ್ಕುವ ಕಿರುಚು ಏಳುವುದನ್ನು ನೀವೆಲ್ಲರೂ ಕೇಳಿರುವಿರಿ. ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಮತ್ತೆ ಸ್ಪೀಕರಿಗೆ ಎಂದು ಸುತ್ತುವುದರಿಂದ ಹಾಗಾಗುವುದು. ಇಲ್ಲಿಯೂ ಅದೇ. ಕೆಲವು ಫ್ರೇಮುಗಳು ಎಲ್ಲರಿಗೂ ಸೇರಿದುವು, “ಇಂಥವರು ಇಲ್ಲಿ ಯಾರಿದ್ದಾರೆ?” ಎಂದು ಕೇಳುವ ಸಾರ್ವಜನಿಕ ಪ್ರಕಟಣೆಗಳು. ಅವನ್ನು ಸ್ವಿಚ್ಚು ಎಲ್ಲ ದ್ವಾರಗಳಿಗೂ ಕಳುಹಿಸಲೇಬೇಕು. ೭ನೆಯ ದ್ವಾರದಿಂದ ಹೊರಟುದು ಆ ತಂತಿಯ ಮೂಲಕ ೮ನೆಯ ದ್ವಾರದಿಂದ ಒಳಗೆ ಬಂದಿತು. ಹೊಸ ಪ್ರಕಟಣೆಯೆಂದು ತಿಳಿದು ಸ್ವಿಚ್ಚು ಅದನ್ನು ಮತ್ತೆ ಎಲ್ಲರಿಗೂ ಕಳುಹಿಸಿತು. ಅದು ಮತ್ತೆ ೭ರಿಂದ ಹೊರಟು ೮ರಿಂದ ಬಂದಿತು. ಅಂತರ್ಜಾಲದ ಪೊಟ್ಟಣಗಳಿಗೆ ಇಷ್ಟು ಮಜಲುಗಳಾದ ಮೇಲೆ ಸಾಯಬೇಕೆಂಬ ಆಯುಸ್ಸಿನ ಅಂಕಿಯುಂಟು. ಈಥರ್‌ನೆಟ್ ಫ್ರೇಮಿಗೆ ಅದಿಲ್ಲ. ತಂತಿಯನ್ನು ಕೀಳುವವರೆಗೂ ಅದು ಸುತ್ತುತ್ತಲೇ ಇರುವುದು. ಹೊಸದಾಗಿ ಹುಟ್ಟುವ ಪ್ರತಿಯೊಂದು ಪ್ರಕಟಣೆಯೂ ಅದರೊಡನೆ ಕೂಡಿಕೊಳ್ಳುವುದು. ೧೦೦ ಮೆಗಾಬಿಟ್ ದ್ವಾರವೊಂದರ ಮೂಲಕ ಅತಿ ಕಿರಿಯ ಫ್ರೇಮುಗಳು ಸೆಕೆಂಡಿಗೆ ಸುಮಾರು ೧ ಲಕ್ಷ ೪೮ ಸಾವಿರದಷ್ಟು ಹಾಯಬಲ್ಲುವು. ಒಂದೊಂದು ಕಂಪ್ಯೂಟರಿನ ಬಾಗಿಲನ್ನೂ ಸೆಕೆಂಡಿಗೆ ಅಷ್ಟು ಸಲ ತಟ್ಟಿದರೆ ಅದು ಬೇರೆ ಕೆಲಸ ಮಾಡುವುದೆಂತು? ಇದಕ್ಕೆ ಪ್ರಸಾರದ ಬಿರುಗಾಳಿಯೆಂದು ಹೆಸರು. ಜೊತೆಗೆ, ಒಂದೇ ಯಂತ್ರದ ಓಲೆ ಒಮ್ಮೆ ೭ರಿಂದಲೂ ಒಮ್ಮೆ ೮ರಿಂದಲೂ ಬರುವುದರಿಂದ ಸ್ವಿಚ್ಚು ತನ್ನ ಪಟ್ಟಿಯನ್ನು ಗಳಿಗೆಗಳಿಗೆಗೂ ತಪ್ಪಾಗಿ ತಿದ್ದಿಕೊಳ್ಳುವುದು.

ಈ ರೋಗಕ್ಕೆ ಮದ್ದು ನಾವು ಹುಟ್ಟಿಸಬೇಕಾದುದೇನೂ ಇರಲಿಲ್ಲ. ೧೯೮೫ರಲ್ಲಿಯೇ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಗಣಿತ ಬಲ್ಲ ಮಹಿಳೆ ಅದನ್ನು ಕಂಡುಹಿಡಿದಿದ್ದರು. ಸ್ವಿಚ್ಚುಗಳು ಆಗಾಗ ಒಂದಕ್ಕೊಂದು ಸಣ್ಣ ಸಂದೇಶಗಳನ್ನು ಕಳುಹಿಸಿ, ತಮ್ಮಲ್ಲಿ ಒಂದನ್ನು ಬೇರೆಂದು ಆರಿಸಿಕೊಳ್ಳುವುವು. ಪ್ರತಿಯೊಂದು ಸ್ವಿಚ್ಚೂ ಆ ಬೇರಿಗೆ ತನಗಿರುವ ಹತ್ತಿರದ ಹಾದಿಯನ್ನು ಇಟ್ಟುಕೊಂಡು, ಸುತ್ತನ್ನುಂಟುಮಾಡುವ ಉಳಿದ ಹಾದಿಗಳನ್ನು ಮುಚ್ಚುವುದು. ಉಳಿಯುವುದು ಒಂದು ಮರದ ಆಕಾರ. ಮರದ ಕೊಂಬೆಗಳು ಕವಲೊಡೆಯುವುವೇ ಹೊರತು ಮತ್ತೆ ಕೂಡುವುದಿಲ್ಲ. ಬಿಳಲು ಬಿಡುವ ಆಲದ ಮರವನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬಾರದು. ಮುಚ್ಚಿದ ಹಾದಿ ವ್ಯರ್ಥವಲ್ಲ: ತೆರೆದ ತಂತಿ ಕಡಿದರೆ ಅದು ತಾನಾಗಿ ತೆರೆದುಕೊಳ್ಳುವುದು. ಈ ಕ್ರಮ ೧೯೯೦ರಲ್ಲಿ ಸರ್ವಸಮ್ಮತವಾದ ನಿಯಮವಾಯಿತು. ಹಾಗೆ ತೆರೆದುಕೊಳ್ಳಲು ಮೊದಲು ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷದಷ್ಟು ಹಿಡಿಯುತ್ತಿತ್ತು. ೨೦೦೧ರಲ್ಲಿ ಬಂದ ಸುಧಾರಣೆಯಿಂದ ಕೆಲವೇ ಸೆಕೆಂಡು, ಅನೇಕ ವೇಳೆ ಅದಕ್ಕೂ ಕಡಮೆ ಸಾಕಾಯಿತು. ನಾವು ಕೊಂಡ ಅಗ್ಗದ ಸ್ವಿಚ್ಚಿನಲ್ಲಿ ಈ ವಿದ್ಯೆ ಇರಲಿಲ್ಲ.

ಇದು ಹಳ್ಳಿಯ ಶಾಲೆಗೆ ಮಾತ್ರ ಬರುವ ಕಷ್ಟವೆಂದು ಯಾರೂ ತಿಳಿಯಬಾರದು. ೨೦೦೨ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕೊನೆಸ್ ಎಂಬ ಪ್ರಸಿದ್ಧ ಆಸ್ಪತ್ರೆಯ ಜಾಲ ಇಂಥದೇ ಕಾರಣದಿಂದ ಸುಮಾರು ನಾಲ್ಕು ದಿನ ಕುಸಿದುಬಿದ್ದಿತು. ಅಲ್ಲಿ ಮರದ ವಿದ್ಯೆಯೇನೋ ಇತ್ತು. ಆದರೆ ವರ್ಷವರ್ಷವೂ ಸ್ವಿಚ್ಚಿಗೆ ಸ್ವಿಚ್ಚನ್ನು ಪೋಣಿಸುತ್ತ ಹೋಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಇರತಕ್ಕ ಏಳು ಮಜಲುಗಳ ಮಿತಿಯನ್ನು ದಾಟಿದ್ದರು. ಅಪಾರವಾದ ದತ್ತಾಂಶ ಒಮ್ಮೆಗೇ ಹರಿದಾಗ ಸ್ವಿಚ್ಚುಗಳ ಪರಸ್ಪರ ಸಂದೇಶಗಳು ತಲುಪದೆ, ಮುಚ್ಚಿರಬೇಕಾದ ಹಾದಿಗಳು ತೆರೆದುಕೊಂಡುವು. ವೈದ್ಯರೂ ದಾದಿಯರೂ ಕಾಗದದ ಚೀಟಿಗಳಲ್ಲಿ ಬರೆದು, ಕೈಯಿಂದ ಕೈಗೆ ದಾಟಿಸಿ ಕೆಲಸ ನಡೆಸಬೇಕಾಯಿತು.

ಈ ಸಂಗತಿಗಳನ್ನೆಲ್ಲ ನಾವು ಓದಿ ತಿಳಿದುದು ಆ ದಿನದ ಅನಂತರ. ನೇತಾಡುವ ತಂತಿಯನ್ನು ಕಟ್ಟದೆ ಬಿಟ್ಟವರು ನಾವು. ಅಂಥ ಸಣ್ಣ ತಪ್ಪನ್ನು ತಡೆಯಬಲ್ಲ ಯಂತ್ರವನ್ನು ಬೇಡವೆಂದವರೂ ನಾವು. ಹುಡುಗನು ಮಾಡಿದುದು ಬಿದ್ದುದನ್ನು ಎತ್ತಿಡುವ ಒಳ್ಳೆಯ ಅಭ್ಯಾಸ. ಇದನ್ನು ಬೆಳಗಿನ ಅಸೆಂಬ್ಲಿಯಲ್ಲಿ, ಗದರಿಸಿದಷ್ಟೇ ಗಟ್ಟಿಯಾದ ದನಿಯಲ್ಲಿ ಹೇಳಿದೆವು. ಈಗ ಎಲ್ಲ ತಂತಿಗಳ ಎರಡು ತುದಿಗಳಿಗೂ ಸಂಖ್ಯೆಯ ಚೀಟಿ ಅಂಟಿಸಿರುವುದನ್ನು ಕೊಠಡಿಯಲ್ಲಿ ಕಾಣಬಹುದು. ಅದು ಅವನ ಕೈಬರಹ.

ಇನ್ನು ಉಳಿದ ಪ್ರಭೇದಗಳು. ‘ನಿರ್ವಹಣೆಯುಳ್ಳ’ ಸ್ವಿಚ್ಚು ತನ್ನೊಳಗೆ ಒಂದು ಚಿಕ್ಕ ಕಂಪ್ಯೂಟರನ್ನೇ ಇರಿಸಿಕೊಂಡಿರುವುದು. ಯಾವ ದ್ವಾರದಲ್ಲಿ ಎಷ್ಟು ಸಂಚಾರವಿದೆ, ಎಲ್ಲಿ ಕೆಟ್ಟ ಫ್ರೇಮುಗಳು ಬರುತ್ತಿವೆ, ಯಾವ ಯಂತ್ರ ಎಲ್ಲಿದೆ ಎಂಬುದನ್ನು ಅದರಿಂದ ಕೇಳಿ ತಿಳಿಯಬಹುದು. ದ್ವಾರಗಳನ್ನು ತೆರೆಯಬಹುದು, ಮುಚ್ಚಬಹುದು. ಇದು ದೊಡ್ಡ ಸಂಸ್ಥೆಗಳಿಗೆ ತಕ್ಕುದು, ಬಲ್ಲ ಕೈ ಬೇಕಾದುದು. ನಡುವೆ ‘ಸ್ಮಾರ್ಟ್’ ಎಂಬ ವರ್ಗವೊಂದುಂಟು. ಮುಖ್ಯವಾದ ನಾಲ್ಕಾರು ಸೌಕರ್ಯಗಳನ್ನು ಮಾತ್ರ ಇಟ್ಟು ಬೆಲೆಯನ್ನು ಇಳಿಸಿದುದು. ವೆಬ್ ಪುಟವೊಂದನ್ನು ತೆರೆದು ಅಧ್ಯಾಪಕರೇ ಅದನ್ನು ನೋಡಿಕೊಳ್ಳಬಹುದು.

ಈ ಎರಡರಲ್ಲಿಯೂ ಇರುವ ಒಂದು ಸೌಕರ್ಯವನ್ನು ಬಿಡಿಸಿ ಹೇಳಬೇಕು. ಒಂದೇ ಸ್ವಿಚ್ಚನ್ನು ಬೇರೆ ಬೇರೆ ಸ್ವಿಚ್ಚುಗಳೋ ಎಂಬಂತೆ ವಿಭಾಗಿಸಬಹುದು. ಒಂದು ದೊಡ್ಡ ಹಜಾರದಲ್ಲಿ ಮರದ ತಡಿಕೆಗಳನ್ನಿಟ್ಟು ಮೂರು ತರಗತಿಗಳನ್ನು ಮಾಡುವುದು ನಮ್ಮ ಹಳೆಯ ಶಾಲೆಗಳಲ್ಲಿ ವಾಡಿಕೆಯಷ್ಟೆ, ಇದೂ ಹಾಗೆಯೇ. ೧ರಿಂದ ೨೦ರವರೆಗಿನ ದ್ವಾರಗಳು ವಿದ್ಯಾರ್ಥಿಗಳಿಗೆ, ೨೧ ಮತ್ತು ೨೨ ಕಚೇರಿಗೆ ಎಂದು ವಿಧಿಸಿದರೆ, ಮಕ್ಕಳ ಯಂತ್ರದಿಂದ ಹೊರಟ ಪ್ರಕಟಣೆ ಕಚೇರಿಯ ಯಂತ್ರವನ್ನು ಮುಟ್ಟುವುದೇ ಇಲ್ಲ. ಇದಕ್ಕೆ ವಿ-ಲ್ಯಾನ್ ಎಂದು ಹೆಸರು. ಇದರ ನಿಯಮ ಪ್ರಕಟವಾದುದು ೧೯೯೮ರಲ್ಲಿ. ಎರಡು ಸ್ವಿಚ್ಚುಗಳ ನಡುವಿನ ತಂತಿಯಲ್ಲಿ ಹೋಗುವಾಗ ಫ್ರೇಮಿಗೆ ೪ ಬೈಟುಗಳ ಚೀಟಿಯೊಂದನ್ನು ಅಂಟಿಸುವರು. ಆ ಚೀಟಿಯಲ್ಲಿ ವಿಭಾಗದ ಸಂಖ್ಯೆಗೆ ೧೨ ಬಿಟ್ಟುಗಳ ಸ್ಥಳವಿರುವುದರಿಂದ ೪೦೯೬ ಸಂಖ್ಯೆಗಳು ದೊರೆಯುವುವು. ಮೊದಲನೆಯದನ್ನೂ ಕೊನೆಯದನ್ನೂ ಬಳಸುವಂತಿಲ್ಲವಾದುದರಿಂದ ಉಳಿಯುವುದು ೪೦೯೪. ಅಂಕಪಟ್ಟಿಗಳಿರುವ ಯಂತ್ರವನ್ನು ಮಕ್ಕಳ ಯಂತ್ರಗಳ ಸಾಲಿನಲ್ಲಿಯೇ ಇರಿಸಿದ್ದೆವೆಂಬುದನ್ನು ಇಂದು ನೆನೆದರೆ ನಮಗೆ ಬೆವರು ಬರುತ್ತದೆ.

ತಂತಿಯ ಮೂಲಕವೇ ವಿದ್ಯುತ್ತನ್ನೂ ಉಣಿಸುವ ಸ್ವಿಚ್ಚು ಇನ್ನೊಂದು ಬಗೆ. ಮಾಡಿನ ಕೆಳಗಿನ ಕ್ಯಾಮರಾಕ್ಕೋ ವೈಫೈ ಪೆಟ್ಟಿಗೆಗೋ ಬೇರೆ ಪ್ಲಗ್ಗು ಬೇಕಿಲ್ಲ. ೨೦೦೩ರ ನಿಯಮದಂತೆ ಒಂದು ದ್ವಾರ ೧೫.೪ ವಾಟ್ ಕೊಡಬಲ್ಲುದು. ೨೦೦೯ರಲ್ಲಿ ಅದು ೩೦ ಆಯಿತು, ೨೦೧೮ರಲ್ಲಿ ೯೦ಕ್ಕೆ ಏರಿತು. ಕೊಳ್ಳುವವರು ಇಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. ಎಂಟು ದ್ವಾರಗಳಿಗೂ ೧೫.೪ ವಾಟ್ ಬೇಕಾದರೆ ಒಟ್ಟು ೧೨೩.೨ ವಾಟ್. ಪೆಟ್ಟಿಗೆಯ ಒಟ್ಟು ಶಕ್ತಿ ೬೦ ವಾಟ್ ಎಂದು ಬರೆದಿದ್ದರೆ, ಪೂರ್ಣ ಶಕ್ತಿಯನ್ನು ಬಯಸುವ ಮೂರು ಉಪಕರಣಗಳನ್ನು ಮಾತ್ರ ಅದು ಸಾಕಬಲ್ಲುದು.

ಇನ್ನೊಂದು ಸಂಗತಿ ನಮ್ಮ ಕಾಸರಗೋಡಿನ ಕಡೆಯವರಿಗೆ ವಿಶೇಷವಾಗಿ ಬೇಕಾದುದು. ತುಲಾ ತಿಂಗಳ ಸಂಜೆಯ ಸಿಡಿಲುಮಳೆ ಇಲ್ಲಿ ಹೇಗಿರುವುದೆಂದು ಹೇಳಬೇಕಾಗಿಲ್ಲ. ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿಯನ್ನು ಹಾಯಿಸಿದರೆ, ಸಿಡಿಲು ತಂತಿಗೇ ಹೊಡೆಯಬೇಕೆಂದಿಲ್ಲ. ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ತಂತಿಯಲ್ಲಿ ಪ್ರೇರಿತ ವಿದ್ಯುತ್ತು ನುಗ್ಗಿ ಎರಡೂ ತುದಿಯ ದ್ವಾರಗಳನ್ನು ಸುಡಬಲ್ಲುದು. ನಮ್ಮ ಹಳೆಯ ಸ್ವಿಚ್ಚು ಕೊನೆಗೆ ಸತ್ತುದು ಹಾಗೆಯೇ. ತಾಮ್ರದ ತಂತಿಗೆ ೧೦೦ ಮೀಟರಿನ ಮಿತಿಯೂ ಉಂಟು. ಇವೆರಡಕ್ಕೂ ಪರಿಹಾರ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು, ಗಾಜು ವಿದ್ಯುದ್ವಾಹಕವಲ್ಲ. ಆದರೆ ಕೆಲವು ಕೇಬಲ್ಲುಗಳಲ್ಲಿ ಬಲಕ್ಕಾಗಿ ಲೋಹದ ಸರಿಗೆಯನ್ನು ಸೇರಿಸಿರುವರು; ಲೋಹವಿಲ್ಲದುದನ್ನೇ ಕೇಳಿ ಕೊಳ್ಳಬೇಕು. ಸ್ವಿಚ್ಚಿನಲ್ಲಿ ಗಾಜಿನ ಎಳೆಗಾಗಿ ಬೇರೆಯೇ ಆಕಾರದ ದ್ವಾರಗಳಿರುವುವು.

ಇವಲ್ಲದೆ, ಹಲವು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಸ್ವಿಚ್ಚಿನಂತೆ ನಡೆಸುವ ಬಗೆಯುಂಟು. ಕಪಾಟಿನಂಥ ಚೌಕಟ್ಟಿಗೆ ಬೇಕಾದಷ್ಟು ಹಲಗೆಗಳನ್ನು ಸೇರಿಸುವ ಬಗೆಯುಂಟು. ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ದಾರಿ ತೋರಿಸುವ ರೂಟರಿನ ಕೆಲಸವನ್ನೂ ತಾನೇ ಮಾಡುವ ಮೂರನೆಯ ಸ್ತರದ ಸ್ವಿಚ್ಚುಂಟು. ಇವು ನಮ್ಮಂಥವರಿಗೆ ಬೇಕಾದುವಲ್ಲ. ಕಾಲೇಜು ಸೇರಿದ ಮೇಲೆ ಆಸಕ್ತರು ಕಲಿಯಬಹುದು.

ಈ ಸಲ ನಾವು ಕೊಂಡುದು ಸ್ಮಾರ್ಟ್ ವರ್ಗದ ೨೪ ದ್ವಾರಗಳ ಒಂದು ಸ್ವಿಚ್ಚು. ಸುತ್ತು ಬಿದ್ದ ದ್ವಾರವನ್ನು ಅದು ತಾನೇ ಮುಚ್ಚಬಲ್ಲುದು. ಹೊಸ ಕಟ್ಟಡಕ್ಕೆ ಅದೇ ವರ್ಗದ ೮ ದ್ವಾರಗಳ ಚಿಕ್ಕದೊಂದು. ನಡುವೆ ಗಾಜಿನ ಎಳೆ. ಪರೀಕ್ಷೆಗಾಗಿ ನಾವೇ ಒಂದು ತಂತಿಯ ಎರಡು ತುದಿಗಳನ್ನೂ ಅದೇ ಸ್ವಿಚ್ಚಿಗೆ ಚುಚ್ಚಿ ನೋಡಿದೆವು. ಒಂದು ದ್ವಾರ ಮುಚ್ಚಿಕೊಂಡಿತು. ಉಳಿದ ಯಂತ್ರಗಳಿಗೆ ಸುದ್ದಿಯೇ ತಿಳಿಯಲಿಲ್ಲ. ಇದರಿಂದ ಅಂತರ್ಜಾಲದ ವೇಗ ಹೆಚ್ಚಿತೇ ಎಂದು ಕೆಲವು ರಕ್ಷಕರು ಕೇಳಿರುವರು. ಇಲ್ಲ. ಹೊರಗಿನಿಂದ ಶಾಲೆಗೆ ಬರುವ ಸಂಪರ್ಕ ಎಷ್ಟಿತ್ತೋ ಅ��್ಟೇ ಇದೆ. ಅಂಗಳದೊಳಗಿನ ರಸ್ತೆಯನ್ನು ಅಗಲಗೊಳಿಸಿದರೆ ಹೊರಗಿನ ಹೆದ್ದಾರಿ ಅಗಲವಾಗದು. ನಿಮ್ಮ ಮನೆಯಲ್ಲಿ ಅಂತರ್ಜಾಲದ ಪೆಟ್ಟಿಗೆಯಿದ್ದರೆ ಅದರ ಹಿಂಭಾಗವನ್ನು ನೋಡಿರಿ. ಸಾಮಾನ್ಯವಾಗಿ ಸಾಲಾಗಿ ಎರಡೋ ನಾಲ್ಕೋ ಚೌಕ ಕಂಡಿಗಳಿರುವುವು. ಅದೂ ಒಂದು ಸ್ವಿಚ್ಚೇ. ಅದರ ಎರಡು ಕಂಡಿಗಳಿಗೆ ಒಂದೇ ತಂತಿಯನ್ನು ಚುಚ್ಚಿದರೆ ಏನಾಗಬಹುದೆಂಬುದು ಈಗ ನಿಮಗೆ ಗೊತ್ತಿದೆ, ಪರೀಕ್ಷಿಸಲು ಹೋಗಬೇಡಿರಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ‘ಕ’ ಮತ್ತು ‘ಖ’ ಎಂಬ ನಾಲ್ಕು ನಾಲ್ಕು ದ್ವಾರಗಳ ಎರಡು ಸ್ವಿಚ್ಚುಗಳಿವೆ. ಎರಡರ ೪ನೆಯ ದ್ವಾರಗಳನ್ನು ಒಂದು ತಂತಿಯಿಂದ ಜೋಡಿಸಿದೆ. ‘ಕ’ದ ೧ ಮತ್ತು ೨ರಲ್ಲಿ ಅ, ಆ ಯಂತ್ರಗಳೂ, ‘ಖ’ದ ೧ ಮತ್ತು ೨ರಲ್ಲಿ ಇ, ಈ ಯಂತ್ರಗಳೂ ಇವೆ. ಎರಡು ಸ್ವಿಚ್ಚುಗಳ ಪಟ್ಟಿಗಳೂ ಬರಿದಾಗಿವೆ. ‘ಅ’ಯು ‘ಈ’ಗೆ ಬರೆಯಿತು, ‘ಈ’ಯು ‘ಅ’ಗೆ ಉತ್ತರಿಸಿತು, ಬಳಿಕ ‘ಆ’ಯು ‘ಅ’ಗೆ ಬರೆಯಿತು. ಈಗ ಒಂದೊಂದು ಸ್ವಿಚ್ಚಿನ ಪಟ್ಟಿಯಲ್ಲಿ ಯಾರ ಯಾರ ಹೆಸರುಗಳು ಯಾವ ಯಾವ ದ್ವಾರದ ಎದುರಿಗಿವೆ? ತನ್ನದಲ್ಲದ ಓಲೆ ಯಾರಿಗೆ ಎಷ್ಟು ಸಲ ಬಂದಿತು? ‘ಖ’ದ ಪಟ್ಟಿಯಲ್ಲಿ ‘ಆ’ಯ ಹೆಸರು ಇದೆಯೇ, ಇಲ್ಲವಾದರೆ ಏಕಿಲ್ಲ? ಚಿತ್ರ ಬರೆದು ಉತ್ತರಿಸಿ, ಶಾಲೆ ತೆರೆದ ಮೊದಲ ವಾರದಲ್ಲಿ ನಮಗೆ ತಂದು ತೋರಿಸಿರಿ.